ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು

ಪವಾಡದ ಸುದ್ದಿಗೆ ನಮ್ಮ ನಾಡಿನಲ್ಲಿ ಬರಗಾಲ ಬಂದದ್ದೇ ಇಲ್ಲ. ಒಬ್ಬರು ಬರಿಗೈಯಿಂದ ವಿಭೂತಿ ಸುರಿಸುತ್ತಾರೆ. ಇನ್ನೊಬ್ಬರು ನೀರನ್ನು ಊದಿ ಕೊಟ್ಟು ಕ್ಯಾನ್ಸರ್ ವಾಸಿ ಮಾಡುತ್ತಾರೆ. ಮತ್ತೊಬ್ಬರು ಸಾವಿರಾರು ಜನರೆದುರು ವೇದಿಕೆಯಲ್ಲಿ ನಿಂತು ಕುಂಟರನ್ನು ನಡೆಸುತ್ತಾರೆ. ಇವರ ಉಡುಪು ಬೇರೆ, ಭಾಷೆ ಬೇರೆ, ಇವರು ಕರೆಯುವ ದೇವರ ಹೆಸರೂ ಬೇರೆ. ಆದರೆ ಅವರೆದುರು ಕೈಕಟ್ಟಿ ನಿಂತವರ ಮುಖ ಮಾತ್ರ ಎಲ್ಲೆಡೆಯೂ ಒಂದೇ. ವಾಸಿಯಾಗದ ಕಾಯಿಲೆ, ತೀರದ ಸಾಲ, ಬಾರದ ಸಂತಾನ, ಮುಗಿಯದ ಕೋರ್ಟು ಕಟ್ಲೆ... ಇವೇ ಅವರನ್ನು ಅಲ್ಲಿಗೆ ಕರೆತಂದಿರುತ್ತವೆ.

ಇಂತಹ ಸುದ್ದಿ ಕಿವಿಗೆ ಬಿದ್ದಾಗ ನಮ್ಮಲ್ಲಿ ಕೆಲವರು ಕಣ್ಣು ಮುಚ್ಚಿ ನಂಬುತ್ತಾರೆ. ಕೆಲವರು ಗಹಗಹಿಸಿ ನಗುತ್ತಾರೆ. ಯೋಚಿಸುವ ಶ್ರಮ ಇಬ್ಬರಿಗೂ ಇಲ್ಲ. ಆದರೆ ಇವೆರಡಕ್ಕಿಂತಲೂ ಹೆಚ್ಚು ಪ್ರಚಲಿತವಾದ ಮೂರನೆಯ ನಿಲುವೊಂದಿದೆ: ನಮ್ಮವರದ್ದಾದರೆ ಪವಾಡ, ಅವರದ್ದಾದರೆ ಕಣ್ಕಟ್ಟು! ಹಾಗಾದರೆ, ಧಾರ್ಮಿಕ ನಾಯಕನೊಬ್ಬ ತನಗೆ ಅಲೌಕಿಕ ಶಕ್ತಿಯಿದೆ ಎಂದಾಗ ಅದನ್ನು ಅಳೆಯಲು ನಮ್ಮ ಬಳಿ ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ಅಳತೆಗೋಲು ಏನಾದರೂ ಇದೆಯೇ? ಅಳೆಯುವುದು ಧರ್ಮದ್ರೋಹವೇ? ಅಳೆಯದೆ ಬಿಡುವುದರಲ್ಲಿ ಪಾಪವೇನಾದರೂ ಇದೆಯೇ?

ಈ ಪ್ರಶ್ನೆಯನ್ನು ಕರ್ನಾಟಕದಲ್ಲಿ ಬಹಿರಂಗವಾಗಿ ಎತ್ತಿದವರಲ್ಲಿ ಡಾ. ಎಚ್. ನರಸಿಂಹಯ್ಯನವರು ಪ್ರಮುಖರು. ಗೌರಿಬಿದನೂರು ತಾಲೂಕಿನ ಹೊಸೂರಿನ ಬಡ ಕುಟುಂಬದಿಂದ ಬಂದ ಅವರು ಗಾಂಧಿವಾದಿ, ಬ್ರಹ್ಮಚಾರಿ, ಖಾದಿಧಾರಿ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲೇ ಬದುಕಿದವರು. 1972ರಿಂದ 1977ರ ತನಕ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಇತರ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಅವರು ಒಂದು ಸಮಿತಿ ರಚಿಸಿದರು. ದೇಶದಲ್ಲಿ ತುರ್ತು ಪರಿಸ್ಥಿತಿ ಇದ್ದ ಕಾಲವದು. ಪ್ರಶ್ನಿಸುವುದೇ ಅಪಾಯಕಾರಿಯಾಗಿದ್ದ ದಿನಗಳಲ್ಲಿ ಒಬ್ಬ ಕುಲಪತಿ ಪ್ರಶ್ನೆ ಕೇಳಲು ಹೊರಟಿದ್ದರು.

ಆ ಸಮಿತಿ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರ ಕಡೆಗೂ ತಿರುಗಿತು. ಬಾಬಾ ಅವರಿಗೆ ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್‌ನಲ್ಲೂ ಆಶ್ರಮವಿತ್ತು. ರಾಜಕಾರಣಿಗಳು, ನ್ಯಾಯಾಧೀಶರು, ವಿಜ್ಞಾನಿಗಳು ಅವರ ಭಕ್ತರ ಸಾಲಿನಲ್ಲಿದ್ದರು. ಬರಿಗೈಯಿಂದ ವಿಭೂತಿ, ಉಂಗುರ, ಸರ, ವಾಚು ಇತ್ಯಾದಿಗಳನ್ನು ಅವರು ಸೃಷ್ಟಿಸುತ್ತಾರೆ ಎಂಬುದು ಪ್ರಚಾರದಲ್ಲಿತ್ತು. ಸಮಿತಿಯ ಎದುರು ಅದನ್ನು ಮಾಡಿ ತೋರಿಸಬೇಕೆಂದು ಕೋರಿ ನರಸಿಂಹಯ್ಯನವರು ಮೂರು ಪತ್ರ ಬರೆದರು. ಒಪ್ಪಿಗೆ ಸಿಗಲಿಲ್ಲ. ಅಂಗೈಯಲ್ಲಿ ಅಡಗುವ ಉಂಗುರವೇ ಏಕೆ, ಒಂದು ಕುಂಬಳಕಾಯಿ ಸೃಷ್ಟಿಸಲಿ ಎಂಬ ಅವರ ಸವಾಲು ಅಂದು ಮನೆಮಾತಾಯಿತು. ಮರುವರ್ಷ ಸಮಿತಿಯೇ ವಿಸರ್ಜನೆಯಾಯಿತು. 2005ರ ಜನವರಿಯಲ್ಲಿ ನರಸಿಂಹಯ್ಯನವರು ತೀರಿಕೊಂಡರು. 2011ರ ಏಪ್ರಿಲ್‌ನಲ್ಲಿ ಬಾಬಾ ಅವರೂ ತೀರಿಕೊಂಡರು. ಈಗ ಇಬ್ಬರೂ ನಮ್ಮ ನಡುವೆ ಇಲ್ಲ. ಆದರೆ ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ.

ಪರೀಕ್ಷೆಗೆ ಒಪ್ಪದಿರುವುದಕ್ಕೆ ಬಾಬಾ ಅವರು ಕೊಟ್ಟ ಸಮರ್ಥನೆಯನ್ನು ನಾವು ಹಗುರವಾಗಿ ತಳ್ಳಿಹಾಕಬೇಕಾಗಿಲ್ಲ. ವಿಜ್ಞಾನವು ಇಂದ್ರಿಯಗಳಿಗೆ ನಿಲುಕುವುದನ್ನು ಮಾತ್ರ ಪರಿಶೀಲಿಸುತ್ತದೆ, ಅಧ್ಯಾತ್ಮವು ಇಂದ್ರಿಯಗಳನ್ನು ಮೀರಿದ್ದು ಎಂಬುದು ಆ ಸಮರ್ಥನೆಯ ಸಾರ. ಇದರಲ್ಲಿ ಅರ್ಧ ಸತ್ಯವಿದೆ. ಪ್ರಾರ್ಥನೆಯಲ್ಲಿ ಸಿಗುವ ನೆಮ್ಮದಿಯನ್ನು ತಕ್ಕಡಿಯಲ್ಲಿ ತೂಗಲಾಗದು. ಪಶ್ಚಾತ್ತಾಪದ ಕಣ್ಣೀರಿನಲ್ಲಿ ಉಪ್ಪಿನಂಶ ಎಷ್ಟಿದೆಯೆಂದು ಪ್ರಯೋಗಾಲಯ ಹೇಳಬಲ್ಲದು, ಪಶ್ಚಾತ್ತಾಪ ಎಷ್ಟಿದೆಯೆಂದು ಹೇಳಲಾರದು. ಆದರೆ ಉಂಗುರ? ಅದಕ್ಕೆ ತೂಕವಿದೆ, ಬಣ್ಣವಿದೆ, ಪೇಟೆಯಲ್ಲಿ ಬೆಲೆಯಿದೆ. ಒಂದು ಕ್ಷಣದ ಹಿಂದೆ ಇಲ್ಲದಿದ್ದ ವಸ್ತು ಈಗ ಕೈಯಲ್ಲಿದೆ ಎಂಬುದು ಅಧ್ಯಾತ್ಮದ ಮಾತಲ್ಲ, ಅದು ವಸ್ತುವಿನ ಕುರಿತಾದ ಮಾತು. ಇಂದ್ರಿಯಗಳ ಲೋಕಕ್ಕೆ ತಾನಾಗಿಯೇ ಇಳಿದು ಬಂದು, ನೋಡಿ ನಂಬಿ ಎಂದು ಕರೆದ ಮೇಲೆ, ಸರಿಯಾಗಿ ನೋಡುತ್ತೇವೆ ಎಂದವರಿಗೆ ಇದು ಇಂದ್ರಿಯಾತೀತ ಎನ್ನುವುದು ನ್ಯಾಯವಲ್ಲ.

ಹಾಗಾದರೆ ಕಣ್ಣಾರೆ ಕಂಡವರ ಸಾಕ್ಷ್ಯಕ್ಕೆ ಬೆಲೆಯಿಲ್ಲವೇ? ಅವರೆಲ್ಲ ಸುಳ್ಳುಗಾರರೇ? ಖಂಡಿತ ಅಲ್ಲ. ನಾವು ಇಲ್ಲಿ ಎಡವುವುದೇ ಹೆಚ್ಚು. ಸಾಕ್ಷಿ ಹೇಳುವವನು ಪ್ರಾಮಾಣಿಕ ಎಂಬುದು ಒಂದು ಮಾತು, ಅವನು ಹೇಳಿದ್ದು ನಿಜ ಎಂಬುದು ಇನ್ನೊಂದು. ವಿಭೂತಿಯನ್ನು ಗಂಜಿಯಲ್ಲಿ ಕಲಸಿ, ಒಣಗಿಸಿ, ಗುಳಿಗೆ ಮಾಡಿ ಬೆರಳ ಸಂದಿಯಲ್ಲಿಟ್ಟುಕೊಂಡು ಪುಡಿಗೈದರೆ ಬರಿಗೈಯಿಂದ ವಿಭೂತಿ ಸುರಿದಂತೆ ಕಾಣುತ್ತದೆ ಎಂದು ಕೇರಳ ಮೂಲದ ವಿಚಾರವಾದಿ ಬಿ. ಪ್ರೇಮಾನಂದ್ ಊರೂರು ಸುತ್ತಿ ತೋರಿಸಿದರು. ನಮ್ಮಲ್ಲಿ ಹುಲಿಕಲ್ ನಟರಾಜ್ ಅವರೂ ಪವಾಡಗಳ ಹಿಂದಿನ ಕೈಚಳಕವನ್ನು ಬಯಲು ಮಾಡುವ ಪ್ರದರ್ಶನಗಳನ್ನು ನೀಡುತ್ತಾ ಬಂದಿದ್ದಾರೆ. ಬಾಬಾ ಅವರೂ ಹಾಗೆಯೇ ಮಾಡುತ್ತಿದ್ದರು ಎಂಬುದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕಣ್ಣಾರೆ ಕಂಡೆ ಎಂಬ ಮಾತ್ರಕ್ಕೆ ಅದು ಪವಾಡವಾಗುವುದಿಲ್ಲ ಎಂಬುದು ಸಾಬೀತಾಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ನಮ್ಮ ಹಿರಿಯರೇನೂ ನಾಸ್ತಿಕರಾಗಿರಲಿಲ್ಲ.

ಸಾಕ್ಷ್ಯವನ್ನು ಅದರ ಮೂಲದ ತನಕ ಬೆನ್ನಟ್ಟಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ನಿದರ್ಶನವಿದೆ. 1971ರ ಡಿಸೆಂಬರ್‌ನಲ್ಲಿ ಮದ್ರಾಸಿನಲ್ಲಿ ಅಮೆರಿಕದ ವೃದ್ಧ ಭಕ್ತರೊಬ್ಬರು ಸತ್ತರು, ಬಾಬಾ ಅವರನ್ನು ಬದುಕಿಸಿದರು ಎಂಬ ಸುದ್ದಿ ಪುಸ್ತಕಗಳಲ್ಲೂ ಸೇರಿ ದೇಶ ವಿದೇಶಗಳಲ್ಲಿ ಹಬ್ಬಿತು. ಐಸ್‌ಲ್ಯಾಂಡಿನ ಮನಶ್ಶಾಸ್ತ್ರಜ್ಞ ಎರ್ಲೆಂದುರ್ ಹರಾಲ್ಡ್‌ಸನ್ ಬಾಬಾ ಅವರ ಬಗ್ಗೆ ವರ್ಷಗಟ್ಟಲೆ ಅಧ್ಯಯನ ನಡೆಸಿದವರು. ಅವರು ಬಾಬಾ ಅವರ ವಿರೋಧಿಯಲ್ಲ, ಭಕ್ತರ ಅನುಭವಗಳನ್ನು ಸಹಾನುಭೂತಿಯಿಂದಲೇ ದಾಖಲಿಸಿದರು. ಈ ಪ್ರಕರಣದ ಬೆನ್ನು ಹತ್ತಿ ಚಿಕಿತ್ಸೆ ನೀಡಿದ ವೈದ್ಯರ ತನಕ ಹೋದಾಗ ಅವರಿಗೆ ತಿಳಿದದ್ದು ಇಷ್ಟು: ರೋಗಿಯ ಸ್ಥಿತಿ ತೀರಾ ಗಂಭೀರವಾಗಿತ್ತು, ಆದರೆ ಅವರು ಸತ್ತಿರಲಿಲ್ಲ. ಇಲ್ಲಿ ಯಾರೂ ಸಂಚು ಹೂಡಿರಬೇಕಾಗಿಲ್ಲ. ಆತಂಕದಲ್ಲಿದ್ದವರು ಒಂದು ಮಾತು ಆಡಿರುತ್ತಾರೆ, ಕೇಳಿದವರು ಅದಕ್ಕೊಂದು ಮಾತು ಸೇರಿಸಿರುತ್ತಾರೆ. ಪ್ರೀತಿಯೂ ಉತ್ಪ್ರೇಕ್ಷೆ ಮಾಡುತ್ತದೆ. ಇದೇ ಹರಾಲ್ಡ್‌ಸನ್ ನಿಯಂತ್ರಿತ ಪ್ರಯೋಗಕ್ಕೆ ಒಪ್ಪಿಗೆ ಕೇಳಿದಾಗ ಬಾಬಾ ಅವರು ಒಪ್ಪಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಇನ್ನೊಂದು ಲೆಕ್ಕ ನೋಡೋಣ. ಒಬ್ಬ ಗುರು ಸಾವಿರ ಗರ್ಭಿಣಿಯರಿಗೆ ‘ಗಂಡು ಮಗು’ ಎಂದು ಹರಸಿದರೆ ಸುಮಾರು ಐನೂರು ಮಂದಿಗೆ ಗಂಡು ಮಗುವೇ ಹುಟ್ಟುತ್ತದೆ. ಅದಕ್ಕೆ ಯಾವ ಶಕ್ತಿಯೂ ಬೇಕಿಲ್ಲ. ಈ ಐನೂರು ಕುಟುಂಬಗಳು ಹಣ್ಣು ಹಂಪಲು ಹಿಡಿದುಕೊಂಡು ಮತ್ತೆ ಬರುತ್ತವೆ, ನೆರೆಹೊರೆಯವರಿಗೆ ಹೇಳುತ್ತವೆ. ಉಳಿದ ಐನೂರು ಕುಟುಂಬಗಳು ತಮ್ಮ ಭಕ್ತಿಯಲ್ಲೇ ಏನೋ ಕೊರತೆಯಿತ್ತು ಎಂದುಕೊಂಡು ಮನೆಯಲ್ಲೇ ಉಳಿಯುತ್ತವೆ. ಹೀಗೆ ಗೆದ್ದದ್ದು ಮಾತ್ರ ಊರಿಗೆ ಕೇಳಿಸುತ್ತದೆ, ಸೋತದ್ದು ಯಾರಿಗೂ ಕೇಳಿಸುವುದಿಲ್ಲ. ರೋಮಿನ ಸಿಸೆರೋ ತನ್ನ ಕೃತಿಯಲ್ಲಿ ಡಯಾಗೊರಸ್ ಎಂಬ ಗ್ರೀಕನ ಕಥೆ ಹೇಳಿದ್ದಾನೆ. ಹರಕೆ ಹೊತ್ತು ಬಿರುಗಾಳಿಯಿಂದ ಪಾರಾದ ನಾವಿಕರ ಚಿತ್ರಗಳನ್ನು ದೇಗುಲದಲ್ಲಿ ಅವನಿಗೆ ತೋರಿಸಿದಾಗ, ಹರಕೆ ಹೊತ್ತೂ ಮುಳುಗಿ ಹೋದವರ ಚಿತ್ರಗಳು ಎಲ್ಲಿವೆ ಎಂದು ಅವನು ಕೇಳಿದನಂತೆ. ಎರಡು ಸಾವಿರ ವರ್ಷಗಳ ಬಳಿಕವೂ ಪವಾಡದ ಯಾವ ಸುದ್ದಿ ಬಂದರೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಸೋಲಿಗೆ ಜಾಗವೇ ಇಲ್ಲದ ದಾವೆಯ ಬಗ್ಗೆಯೂ ನಾವು ಎಚ್ಚರದಿಂದಿರಬೇಕು. ಬಾಬಾ ಅವರು ತಾವು 96ನೇ ವಯಸ್ಸಿನ ತನಕ ಬದುಕುವುದಾಗಿ ಹೇಳಿದ್ದರು. 1926ರ ನವೆಂಬರ್‌ನಲ್ಲಿ ಹುಟ್ಟಿದ ಅವರು ತೀರಿಕೊಂಡಾಗ 84 ವರ್ಷ. ಆಗ ಕೆಲವು ಭಕ್ತರು ಲೆಕ್ಕವನ್ನೇ ಬದಲಿಸಿದರು. ಇಪ್ಪತ್ತೇಳು ನಕ್ಷತ್ರಗಳಿಗೆ ಇಪ್ಪತ್ತೇಳು ದಿನಗಳ ತಿಂಗಳು, ಅಂತಹ ಹನ್ನೆರಡು ತಿಂಗಳಿಗೆ 324 ದಿನಗಳ ವರ್ಷ. ಆ ಪ್ರಕಾರ ಎಣಿಸಿದರೆ ಅವರು 95 ದಾಟಿ 96ಕ್ಕೆ ಕಾಲಿಟ್ಟಿದ್ದರು! ಗಣಿತ ಸರಿಯೇ. ಆದರೆ 84ಕ್ಕೆ ಬದಲು 96 ಮಾಮೂಲಿ ವರ್ಷ ಬದುಕಿದ್ದರೆ ಅದೇ ಭಕ್ತರು 324 ದಿನಗಳ ವರ್ಷದ ಗೊಡವೆಗೆ ಹೋಗುತ್ತಿದ್ದರೇ? ಬಾಣ ನೆಟ್ಟ ಮೇಲೆ ಅದರ ಸುತ್ತ ಗುರಿಯ ವೃತ್ತ ಎಳೆದರೆ ಯಾವ ಬಿಲ್ಲುಗಾರನೂ ಸೋಲುವುದಿಲ್ಲ. ಏನಾದರೆ ನಾನು ತಪ್ಪು ಎಂದು ಒಪ್ಪುತ್ತೇನೆ ಎಂಬುದನ್ನು ಮೊದಲೇ ಹೇಳದವನ ದಾವೆ ಕೇಳಲು ಎಷ್ಟೇ ಭವ್ಯವಾಗಿದ್ದರೂ ಅದರಲ್ಲಿ ಪರೀಕ್ಷಿಸಲು ಏನೂ ಇಲ್ಲ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಎದುರಾಗುತ್ತದೆ. ಬಾಬಾ ಅವರ ಸಂಸ್ಥೆಗಳು ಪುಟ್ಟಪರ್ತಿಯಲ್ಲೂ ವೈಟ್‌ಫೀಲ್ಡ್‌ನಲ್ಲೂ ಉಚಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಳನ್ನು ಕಟ್ಟಿದವು. ಬರಪೀಡಿತ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು ಕೊಟ್ಟವು. ಹೃದಯದ ಶಸ್ತ್ರಚಿಕಿತ್ಸೆಗೆ ಹಣವಿಲ್ಲದ ಬಡವ ಅಲ್ಲಿಂದ ಬದುಕಿ ಮನೆಗೆ ಮರಳಿದ್ದಾನೆ. ಇಷ್ಟೆಲ್ಲ ಮಾಡಿದವರ ಉಂಗುರದ ಲೆಕ್ಕ ಕೇಳುವುದು ಸಣ್ಣತನವಲ್ಲವೇ? ಈ ಸೇವೆಯನ್ನು ನಾವು ತುಂಬು ಮನಸ್ಸಿನಿಂದ ಮೆಚ್ಚಬೇಕು. ಧರ್ಮದ ಹೆಸರಿನಲ್ಲಿ ಬರೀ ಜಗಳ ಮಾಡುವವರು ಅದರಿಂದ ಕಲಿಯಬೇಕಾದದ್ದೂ ಇದೆ. ಆದರೆ ಒಳ್ಳೆಯ ಕೆಲಸ ಒಳ್ಳೆಯ ಕೆಲಸಕ್ಕೆ ಮಾತ್ರ ಸಾಕ್ಷಿ. ಅದು ಬೇರೊಂದು ದಾವೆಗೆ ಜಾಮೀನು ನಿಲ್ಲಲಾರದು. ಆ ಆಸ್ಪತ್ರೆಗಳಲ್ಲಿ ರೋಗಿಯನ್ನು ಗುಣಪಡಿಸುವುದು ವೈದ್ಯರು, ಔಷಧಿ ಮತ್ತು ಯಂತ್ರಗಳೇ ಹೊರತು ಗಾಳಿಯಿಂದ ಬಂದ ವಿಭೂತಿಯಲ್ಲ.

ಹಾಗೆಯೇ ಪವಾಡವೂ ಸತ್ಯಕ್ಕೆ ಜಾಮೀನಾಗಲಾರದು. ಇಮಾಮ್ ಗಝಾಲಿ ಸುಮಾರು ಒಂಬತ್ತು ಶತಮಾನಗಳ ಹಿಂದೆ ತಮ್ಮ ಆತ್ಮಕಥನ ರೂಪದ ಕೃತಿಯಲ್ಲಿ ಒಂದು ಅಪೂರ್ವ ಉದಾಹರಣೆ ಕೊಟ್ಟಿದ್ದಾರೆ. ಮೂರಕ್ಕಿಂತ ಹತ್ತು ದೊಡ್ಡದೆಂದು ನಮಗೆ ಗೊತ್ತು. ಒಬ್ಬ ಬಂದು, ಇಲ್ಲ, ಮೂರೇ ದೊಡ್ಡದು, ಅದಕ್ಕೆ ಪುರಾವೆಯಾಗಿ ಈ ಕೋಲನ್ನು ಹಾವು ಮಾಡುತ್ತೇನೆ ಎಂದು ಹೇಳಿ ಹಾಗೆಯೇ ಮಾಡಿ ತೋರಿಸಿದ ಎಂದಿಟ್ಟುಕೊಳ್ಳಿ. ಅವನ ಸಾಮರ್ಥ್ಯ ಕಂಡು ನಮಗೆ ಅಚ್ಚರಿಯಾಗಬಹುದು, ಆದರೆ ಹತ್ತರ ಬಗ್ಗೆ ಸಂಶಯ ಬರುವುದಿಲ್ಲ ಎನ್ನುತ್ತಾರೆ ಗಝಾಲಿ. ಅಂದರೆ ಅದ್ಭುತವೊಂದು ನಿಜವೇ ಆಗಿದ್ದರೂ ಅದನ್ನು ಮಾಡಿದವನ ಬೋಧನೆ ಸರಿ, ಅವನ ನಡತೆ ಶುದ್ಧ, ಅವನ ಆಜ್ಞೆ ಪಾಲನೆಗೆ ಅರ್ಹ ಎಂದಾಗುವುದಿಲ್ಲ. ಅವುಗಳನ್ನು ಬೇರೆಯಾಗಿಯೇ ಒರೆಗೆ ಹಚ್ಚಬೇಕು.

ಈಗ ನಮ್ಮತ್ತ ಬೊಟ್ಟು ಮಾಡುವ ಪ್ರಶ್ನೆಗೆ ಬರೋಣ. ಪ್ರವಾದಿಗಳ ಪವಾಡಗಳಲ್ಲಿ ನಂಬಿಕೆಯಿರುವ ನೀವು ಇತರರ ಪವಾಡಗಳ ಪರೀಕ್ಷೆಗೆ ಹೊರಡುವುದು ಎಲ್ಲಿಯ ನ್ಯಾಯ? ಪ್ರಶ್ನೆ ಸರಿಯಾಗಿದೆ, ನುಣುಚಿಕೊಳ್ಳುವಂತಿಲ್ಲ. ಶತಮಾನಗಳ ಹಿಂದಿನ ಘಟನೆಯನ್ನು ಇಂದು ಯಾರೂ ಪ್ರಯೋಗಾಲಯಕ್ಕೆ ತರಲಾರರು. ಅದನ್ನು ನಂಬುವವನು ತನ್ನ ಒಟ್ಟು ವಿಶ್ವಾಸದ ಭಾಗವಾಗಿ ನಂಬುತ್ತಾನೆ. ಅದನ್ನು ಪುರಾವೆಯೆಂದು ಮುಂದಿಟ್ಟು, ಒಪ್ಪದವನನ್ನು ಮೂರ್ಖನೆನ್ನುವ ಹಕ್ಕು ಅವನಿಗಿಲ್ಲ. ಆದರೆ ಜೀವಂತ ವ್ಯಕ್ತಿಯೊಬ್ಬ ಇಂದು, ಇಲ್ಲಿ, ನನಗೆ ಶಕ್ತಿಯಿದೆ ಎಂದು ಸಾರಿ, ಅದರ ಬಲದಿಂದ ಇತರರ ಹಣ, ದೇಹ ಮತ್ತು ವಿಧೇಯತೆಯ ಮೇಲೆ ಹಕ್ಕು ಸ್ಥಾಪಿಸುವುದು ಬೇರೆಯೇ ವಿಷಯ. ಇಂದಿನ ದಾವೆಯನ್ನು ಇಂದೇ ಪರೀಕ್ಷಿಸಬಹುದು. ಆದ್ದರಿಂದ ಪರೀಕ್ಷಿಸಲೇಬೇಕು. ಆ ವ್ಯಕ್ತಿ ನಮ್ಮವನಾದರೂ ಸರಿ, ಅವರವನಾದರೂ ಸರಿ.

ಧರ್ಮಗಳ ಒಳಗಿನ ಹಿರಿಯರೂ ಇದಕ್ಕೆ ಹೊರತಾದುದನ್ನು ಹೇಳಿಲ್ಲ. ಕ್ರಿ.ಶ. 632ರಲ್ಲಿ ಮದೀನಾದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಪ್ರವಾದಿಯ ದುಃಖದಲ್ಲಿ ಸೂರ್ಯನೂ ಪಾಲ್ಗೊಂಡಿದ್ದಾನೆ ಎಂದು ಜನರು ಆಡಿಕೊಂಡರು. ಬಾಯಿ ಮುಚ್ಚಿ ಕುಳಿತಿದ್ದರೆ ಸಾಕಿತ್ತು, ಒಂದು ಪವಾಡ ತಾನಾಗಿಯೇ ಹುಟ್ಟಿಕೊಳ್ಳುತ್ತಿತ್ತು. ಆದರೆ ಸೂರ್ಯ ಚಂದ್ರರಿಗೆ ಯಾರದೇ ಹುಟ್ಟು ಸಾವಿನ ಕಾರಣಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಆ ಮಾತನ್ನು ಅಲ್ಲಿಯೇ ತಡೆದರು. ಗಂಧದ ಪಾತ್ರೆಗಾಗಿ ಜನರೆದುರು ಗಾಳಿಯಲ್ಲಿ ಹಾರಿದ ಶಿಷ್ಯನನ್ನು ಬುದ್ಧ ಗದರಿಸಿದ ಕಥೆ ಬೌದ್ಧ ಗ್ರಂಥಗಳಲ್ಲಿದೆ. ವರ್ಷಗಟ್ಟಲೆ ತಪಸ್ಸು ಮಾಡಿ ನದಿಯ ಮೇಲೆ ನಡೆಯಲು ಕಲಿತವನ ಸಿದ್ಧಿಯ ಬೆಲೆ ಅಂಬಿಗನಿಗೆ ಕೊಡುವ ಪುಡಿಗಾಸಿನಷ್ಟೇ ಎಂಬ ಕಥೆಯನ್ನು ರಾಮಕೃಷ್ಣ ಪರಮಹಂಸರು ಹೇಳುತ್ತಿದ್ದರು. ಗಾಳಿಯಲ್ಲಿ ಹಾರುವವನನ್ನು ಕಂಡರೂ ಅವನ ನಡತೆ ನೋಡುವ ತನಕ ಮರುಳಾಗಬೇಡಿ ಎಂಬುದು ಸೂಫಿ ಬಾಯಝೀದ್ ಬಿಸ್ತಾಮಿಯವರ ಎಚ್ಚರಿಕೆ. ಬೇರೆ ಬೇರೆ ಕಾಲದ, ಬೇರೆ ಬೇರೆ ದಾರಿಯ ಇವರು ಒಂದು ವಿಷಯದಲ್ಲಿ ಒಮ್ಮತದಲ್ಲಿದ್ದಾರೆ: ಮನುಷ್ಯನ ದೊಡ್ಡತನ ಅವನ ಅದ್ಭುತಗಳಲ್ಲಿಲ್ಲ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದನಂತೆ ಎಂಬ ಗಾದೆ ನಮಗೂ ಅನ್ವಯವಾಗದಿರಲಿ. 2006ರ ಆಗಸ್ಟ್‌ನಲ್ಲಿ ಮುಂಬೈಯ ಮಾಹಿಮ್ ಕಡಲತೀರದಲ್ಲಿ ಸಮುದ್ರದ ನೀರು ಸಿಹಿಯಾಗಿದೆ, ಇದು ಮಖ್ದೂಮ್ ಶಾಹ್ ಬಾಬಾರ ಕೃಪೆ ಎಂಬ ಸುದ್ದಿ ಹಬ್ಬಿ ಸಾವಿರಾರು ಮಂದಿ ನೆರೆದರು. ನಗರದ ಕೊಳೆಯನ್ನೆಲ್ಲ ಹೊತ್ತು ತರುವ ಮೀಠಿ ನದಿ ಕಡಲು ಸೇರುವ ಜಾಗವದು. ಮಳೆಗಾಲದಲ್ಲಿ ಹರಿದು ಬಂದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲ್ಪದರದಲ್ಲಿ ನಿಂತಿತ್ತು. ಕುಡಿಯಬೇಡಿ ಎಂದು ಅಧಿಕಾರಿಗಳು ಎಚ್ಚರಿಸುತ್ತಿದ್ದರೂ ಜನರು ಆ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡರು, ಮಕ್ಕಳಿಗೂ ಕುಡಿಸಿದರು. ವಿಪರ್ಯಾಸವೆಂದರೆ, ಆ ಮಖ್ದೂಮ್ ಅಲಿ ಮಾಹಿಮಿಯವರು ಕುರ್‌ಆನ್‌ಗೆ ವ್ಯಾಖ್ಯಾನ ಬರೆದ ದೊಡ್ಡ ವಿದ್ವಾಂಸರು. ಅಂದು ನೀರು ಹಿಡಿಯಲು ಓಡಿದವರಲ್ಲಿ ಅವರ ವ್ಯಾಖ್ಯಾನವನ್ನು ಓದಿದವರು ಎಷ್ಟು ಮಂದಿ ಇದ್ದಿರಬಹುದು?

ಮಾಹಿಮ್‌ನ ಸುದ್ದಿ ಎರಡು ದಿನದ ಮಾತಾಗಿ ಮುಗಿಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಎರ್ವಾಡಿಯದ್ದು ಹಾಗೆ ಮುಗಿಯಲಿಲ್ಲ. ಅಲ್ಲಿನ ದರ್ಗಾದ ತೀರ್ಥ ಮತ್ತು ದೀಪದ ಎಣ್ಣೆಯಿಂದ ಮಾನಸಿಕ ಕಾಯಿಲೆ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಎಲ್ಲ ಧರ್ಮದವರೂ ತಮ್ಮ ಮನೆಯ ರೋಗಿಗಳನ್ನು ಅಲ್ಲಿಗೆ ಕರೆತರುತ್ತಿದ್ದರು. ಅವರನ್ನು ಇರಿಸಿಕೊಳ್ಳಲು ದರ್ಗಾದ ಸುತ್ತ ಖಾಸಗಿ ಕೇಂದ್ರಗಳು ಹುಟ್ಟಿಕೊಂಡವು. ಓಡಿಹೋಗದಂತೆ ಸರಪಳಿಯಿಂದ ಕಟ್ಟಿಹಾಕುವುದು ಅಲ್ಲಿ ವಾಡಿಕೆಯಾಗಿತ್ತು. 2001ರ ಆಗಸ್ಟ್ 6ರ ಮುಂಜಾನೆ ಅಂತಹ ಒಂದು ಕೇಂದ್ರದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿದ್ದವರು ಓಡಲಾಗಲಿಲ್ಲ. 28 ಮಂದಿ ಸುಟ್ಟು ಸತ್ತರು.

ನಂಬುವುದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿಗೆ ಎರ್ವಾಡಿಯನ್ನು ತೋರಿಸಬೇಕು. ಪರೀಕ್ಷಿಸದ ನಂಬಿಕೆಗೆ ಯಾವಾಗಲೂ ಒಂದು ಬೆಲೆಯಿದೆ, ಮತ್ತು ಹೆಚ್ಚಾಗಿ ಅದನ್ನು ತೆರುವವನು ನಂಬಿದವನಲ್ಲ. ಎರ್ವಾಡಿಯಲ್ಲಿ ನಂಬಿದವರು ಮನೆಯವರು, ಸತ್ತವರು ರೋಗಿಗಳು. ನೀರಿನ ಮೇಲೆ ನಂಬಿಕೆಯಿದ್ದದ್ದು ತಾಯಿಗೆ, ಕುಡಿದದ್ದು ಮಗು. ಆದ್ದರಿಂದಲೇ ಇದು ಕೇವಲ ಬುದ್ಧಿಯ ಪ್ರಶ್ನೆಯಲ್ಲ, ನೈತಿಕತೆಯ ಪ್ರಶ್ನೆ. ನಮ್ಮ ನಂಬಿಕೆಯ ಭಾರ ಇನ್ನೊಬ್ಬರ ದೇಹದ ಮೇಲೆ ಬೀಳುವುದಿದ್ದರೆ ಅದನ್ನು ತೂಗಿ ನೋಡುವುದು ನಮ್ಮ ಕರ್ತವ್ಯ. ಕರ್ನಾಟಕದಲ್ಲಿ ಅಮಾನವೀಯ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಕಾಯ್ದೆಯೊಂದು ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದಿದೆ. ಅದು ಬೇಕು. ಆದರೆ ಕಾನೂನು ಕ್ರೌರ್ಯವನ್ನು ಶಿಕ್ಷಿಸೀತೇ ಹೊರತು ಪ್ರಶ್ನಿಸುವ ಮನಸ್ಸನ್ನು ಕೊಡಲಾರದು.

ಪ್ರಶ್ನಿಸುವವರಿಗೂ ಒಂದು ಜವಾಬ್ದಾರಿಯಿದೆ. ಮಗುವಿನ ಕಾಯಿಲೆಗೆ ವೈದ್ಯರು ಕೈಚೆಲ್ಲಿದಾಗ ಬಾಬಾನ ಬಳಿಗೋ, ತಂಙಳರ ಬಳಿಗೋ, ಪಾದ್ರಿಯ ಬಳಿಗೋ ಓಡುವ ತಾಯಿಯನ್ನು ಮೂಢಳೆಂದು ಜರೆಯುವುದು ಸುಲಭ. ಅವಳ ಊರಿನಲ್ಲಿ ಒಂದು ಒಳ್ಳೆಯ ಆಸ್ಪತ್ರೆ ಇರುವಂತೆ ನೋಡಿಕೊಳ್ಳುವುದು ಕಷ್ಟ. ಅವಳ ಕಣ್ಣೀರನ್ನು ಗೌರವಿಸಬೇಕು, ಆ ಕಣ್ಣೀರಿನ ಮೇಲೆ ವ್ಯಾಪಾರ ಮಾಡುವವನನ್ನು ಪ್ರಶ್ನಿಸಬೇಕು. ಇವೆರಡರ ನಡುವಿನ ವ್ಯತ್ಯಾಸ ಮರೆತರೆ ವಿಚಾರವಾದವೂ ಅಹಂಕಾರವಾಗುತ್ತದೆ. ಇನ್ನು, ಪರಧರ್ಮದ ಗುರುವನ್ನು ಅಣಕಿಸುವುದಕ್ಕಾಗಿ ಮಾತ್ರ ವಿಚಾರವಾದಿಯಾಗುವುದಂತೂ ಶುದ್ಧ ಕೋಮುವಾದ.

ಕೊನೆಗೆ, ಯಾವ ಗುರುವಾದರೂ ಸರಿ, ಅವನ ಮುಂದೆ ನಿಂತಾಗ ನಾವು ಕೇಳಬೇಕಾದದ್ದು ಇಷ್ಟೇ. ಕಂಡವರು ಯಾರು, ಯಾವ ಸ್ಥಿತಿಯಲ್ಲಿ ಕಂಡರು? ಫಲಿಸದೆ ಹೋದವುಗಳ ಲೆಕ್ಕ ಎಲ್ಲಿದೆ? ಏನಾದರೆ ಇವರು ತಪ್ಪೊಪ್ಪಿಕೊಳ್ಳುತ್ತಾರೆ? ಇದರಿಂದ ಲಾಭ ಯಾರಿಗೆ, ತಪ್ಪಾದರೆ ಬೆಲೆ ತೆರುವವರು ಯಾರು? ಸತ್ಯವಂತನಾದ ಗುರುವಿಗೆ ಈ ಪ್ರಶ್ನೆಗಳಿಂದ ಅವಮಾನವಾಗುವುದಿಲ್ಲ. ಮಗನನ್ನು ಮಣ್ಣು ಮಾಡಿದ ದಿನವೂ ಜನರ ತಪ್ಪು ಕಲ್ಪನೆಯನ್ನು ತಿದ್ದಿದವರ ಉದಾಹರಣೆ ನಮ್ಮ ಮುಂದಿದೆ. ಪ್ರಶ್ನೆ ಕೇಳಿದಾಗ ಸಿಟ್ಟಾಗುವವರು ಯಾರು, ಸುಮ್ಮನಾಗುವವರು ಯಾರು, ಕುಳ್ಳಿರಿಸಿ ಉತ್ತರಿಸುವವರು ಯಾರು ಎಂಬುದನ್ನು ಗಮನಿಸಿದರೆ ಸಾಕು, ಅರ್ಧದಷ್ಟು ಉತ್ತರ ನಮಗೆ ಅಲ್ಲಿಯೇ ಸಿಗುತ್ತದೆ.